ಖಾಲಿ ಬಿಡಬಾರದ ಎಂಟು ತಿಂಗಳು

ಲಂಡನ್, ಕೆನಡಾ
12 ಫೆಬ್ರವರಿ 2023

ಕವನ ಕೂಸು,

ಫೋನಿನಲ್ಲಿ ಹೇಳಬಹುದಾದದ್ದನ್ನು ಅವ್ವ ಯಾಕೆ ಕಾಗದದಲ್ಲಿ ಬರೆಯುತ್ತಿದ್ದಾಳೆ ಅಂತ ನಗಬೇಡ. ಫೋನು ಮಾಡಿದರೆ ನಿಮ್ಮಜ್ಜಿ ಸ್ಪೀಕರ್ ಹಾಕಿಸುತ್ತಾಳೆ. ಎಮ್ಮೆ ಕಟ್ಟುತ್ತಿರುವ ನಿಮ್ಮ ಚಿಕ್ಕಪ್ಪ ಚಿಕ್ಕಮಾದು ಅಲ್ಲಿಂದಲೇ ಕೂಗಿ ಮಾತಾಡುತ್ತಾನೆ. ನಮ್ಮೂರು ಸೋಸಲೆಯ ಅರ್ಧ ಬೀದಿ ಬಂದು ಕೂತು, ಲಂಡನ್ ಅರಮನೆ ನಿಮ್ಮ ಮನೆಗೆ ಎಷ್ಟು ದೂರ ಅಂತ ಕೇಳುತ್ತದೆ. ಇದು ಆ ಲಂಡನ್ ಅಲ್ಲ, ಕೆನಡಾದಲ್ಲಿರುವ ಇನ್ನೊಂದು ಲಂಡನ್ ಅಂತ ಐದೂವರೆ ವರ್ಷದಿಂದ ಹೇಳಿ ನನ್ನ ಬಾಯಿ ಸೋತಿದೆ. ಅದಕ್ಕೇ ಬರೆದು, ಫೋಟೋ ತೆಗೆದು, ನಿನಗೊಬ್ಬಳಿಗೇ ಕಳಿಸುತ್ತಿದ್ದೇನೆ. ನೀನೂ ಹೀಗೇ ಮಾಡು.

ನಾನು ಇಲ್ಲಿಯ ಪೌರತ್ವಕ್ಕೆ ಅರ್ಜಿ ಹಾಕಬಹುದು ಮಗ. ಐದು ವರ್ಷದಲ್ಲಿ ಸಾವಿರದ ತೊಂಬತ್ತೈದು ದಿನ ಈ ದೇಶದಲ್ಲಿ ಇದ್ದಿರಬೇಕು. ನಿನ್ನೆ ನನ್ನ ಜೊತೆ ಕೆಲಸ ಮಾಡುವ ಲೂಸ್, ಅದೇ ಫಿಲಿಪೀನ್ಸ್‌ನ ನನ್ನ ಗೆಳತಿ, ಕಂಪ್ಯೂಟರ್‌ನಲ್ಲಿ ಹಾಕಿ ನೋಡಿದಳು. ನನ್ನ ದಿನಗಳು ಬೇಕಾದ್ದಕ್ಕಿಂತ ಹೆಚ್ಚೇ ಬಂದವು. ಅವಳು ಎದ್ದು ಚಪ್ಪಾಳೆ ತಟ್ಟಿದಳು. ನಮ್ಮ ವೃದ್ಧಾಶ್ರಮದ ಅಜ್ಜಂದಿರೂ ಏನು ಎತ್ತ ತಿಳಿಯದೆ ತಟ್ಟಿದರು.

ಫಾರಂನಲ್ಲಿ ಐದು ವರ್ಷದ ಚರಿತ್ರೆ ಕೇಳುತ್ತಾರೆ. ಎಲ್ಲಿ ಕೆಲಸ, ಯಾವಾಗಿನಿಂದ ಯಾವಾಗಿನವರೆಗೆ, ತೆರಿಗೆ ಸಲ್ಲಿಸಿದೆಯಾ. ಒಂದು ತಿಂಗಳೂ ಖಾಲಿ ಬಿಡಬಾರದು. ಸುಮ್ಮನೆ ಕೂತಿದ್ದರೆ ಸುಮ್ಮನೆ ಕೂತಿದ್ದೆ ಅಂತಲೇ ಬರೆಯಬೇಕು. ನೀನು ಮೈಸೂರಿನಲ್ಲಿ ಸಿ.ಎ. ಓದುತ್ತಿರುವವಳು, ಇವೆಲ್ಲ ನಿನಗೆ ನೀರು ಕುಡಿದ ಹಾಗೆ. ನನ್ನದು ಸುಲಭ. ಮೊದಲು ಡಾಕ್ಟರ ಮನೆಯಲ್ಲಿ ಅವರ ತಾಯಿಯನ್ನು ನೋಡಿಕೊಂಡದ್ದು. 2020ರಲ್ಲಿ ಆ ಮುದುಕಿ ತೀರಿಕೊಂಡ ಮೇಲೆ ಈ ವೃದ್ಧಾಶ್ರಮ. ಅಷ್ಟೇ.

ಕೈಗೆ ಬರುವವರೆಗೂ ಅಜ್ಜಿಗೆ ಹೇಳಬೇಡ.

ನಿನ್ನ ಅವ್ವ
ಮರಿತಾಯಮ್ಮ


ತಿ. ನರಸೀಪುರ
19 ಫೆಬ್ರವರಿ 2023

ಅವ್ವ,

ಭಾನುವಾರ ಅಂತ ಊರ ಕಡೆ ಬಂದಿದ್ದೇನೆ. ನಿನ್ನ ಕಾಗದವನ್ನು ಬಸ್ಸಿನಲ್ಲೇ ಓದಿದೆ. ಪಕ್ಕದಲ್ಲಿದ್ದ ಹೆಂಗಸು, ಏನವ್ವ ಮದುವೆ ಗೊತ್ತಾಯ್ತಾ ಅಂತ ಕೇಳಿದಳು, ಅಷ್ಟು ನಗುತ್ತಿದ್ದೆನಂತೆ.

ಮೊದಲು ನಿನ್ನ ಕಾಗದಪತ್ರಗಳ ಫೋಟೋ ಕಳಿಸು. ನಮ್ಮಲ್ಲಿ ಕಂಪನಿಗಳು ಫಾರಂ ಹದಿನಾರು ಕೊಡುವ ಹಾಗೆ ನಿಮ್ಮಲ್ಲೂ ವರ್ಷಕ್ಕೊಂದು ಸಂಬಳದ ಚೀಟಿ ಕೊಟ್ಟಿರುತ್ತಾರೆ. ನಿಮ್ಮದು ಏಪ್ರಿಲ್‌ನಿಂದ ಮಾರ್ಚ್ ಅಲ್ಲ, ಜನವರಿಯಿಂದ ಡಿಸೆಂಬರ್. ಆಮೇಲೆ ತೆರಿಗೆ ಇಲಾಖೆ ಕಳಿಸಿದ ವರ್ಷವಾರು ನೋಟಿಸು, ಡಾಕ್ಟರ ಮನೆಯವರು ಬಿಡುಗಡೆ ಮಾಡಿದಾಗ ಕೊಟ್ಟ ಪತ್ರ, ವೃದ್ಧಾಶ್ರಮದ ನೇಮಕದ ಪತ್ರ. ಎಲ್ಲ ಬರಲಿ. ತಾರೀಖು ತಾರೀಖಿಗೆ ಕೂಡಬೇಕು. ಪಾಸ್‌ಪೋರ್ಟಿನ ಮೊಹರುಗಳದ್ದೂ ಬೇಕು. ಹೋದ ವರ್ಷ ಜೂನ್‌ನಲ್ಲಿ ಐದು ವಾರ ಇಲ್ಲಿಗೆ ಬಂದಿದ್ದೆಯಲ್ಲ, ಅದನ್ನೂ ಬರೆಯಬೇಕು.

ಒಂದು ಮಾತು ಕೇಳಬೇಕಿತ್ತು. ಇನ್ನೊಂದು ಸಲ ಕೇಳುತ್ತೇನೆ.

ಕವನ


ಲಂಡನ್
5 ಮಾರ್ಚ್ 2023

ಕೂಸು,

ಹನ್ನೊಂದು ಫೋಟೋ ಕಳಿಸಿದ್ದೇನೆ, ಸಿಕ್ಕಿತಾ? ಒಂದು ಚೀಟಿಯಲ್ಲಿ ನನ್ನ ಹೆಸರನ್ನು ಎರಡು ತುಂಡು ಮಾಡಿ ಮೇರಿ ತಾಯಮ್ಮ ಅಂತ ಬರೆದಿದ್ದಾರೆ, ಅದಕ್ಕೆ ಹೆದರಬೇಡ, ನಂಬರು ನನ್ನದೇ.

ಪರೀಕ್ಷೆ ಇದೆ. ಐವತ್ತೈದು ತುಂಬಿದವರಿಗೆ ಇಲ್ಲವಂತೆ, ನನಗಿನ್ನೂ ಐವತ್ತೊಂದು. ಇಪ್ಪತ್ತು ಪ್ರಶ್ನೆ, ಹದಿನೈದು ಸರಿಯಾಗಬೇಕು. ಪುಸ್ತಕ ಕೊಟ್ಟಿದ್ದಾರೆ. ಇಲ್ಲಿ ಹತ್ತು ಪ್ರಾಂತ್ಯ, ಪ್ರತಿಯೊಂದಕ್ಕೂ ಒಂದು ರಾಜಧಾನಿ. ನಾನು ಸ್ನಾನ ಮಾಡಿಸುವ ಅಜ್ಜ ಒಬ್ಬರು ಮೇಷ್ಟರಾಗಿದ್ದವರು. ಬೆನ್ನಿಗೆ ನೀರು ಹಾಕುವಾಗ ಒಂದೊಂದಾಗಿ ಕೇಳುತ್ತಾರೆ, ತಪ್ಪು ಹೇಳಿದರೆ ಟವೆಲ್ ಕೊಡುವುದಿಲ್ಲ. ಎ.ಎನ್.ಎಂ. ನರ್ಸ್ ಟ್ರೈನಿಂಗ್ ಪರೀಕ್ಷೆಯಾದ ಮೇಲೆ ನಾನು ಹೀಗೆ ಓದಿದ್ದೇ ಇಲ್ಲ.

ಫಾರಂ ತುಂಬಿಕೊಡುವ ಏಜೆಂಟ್ ಒಬ್ಬರು ಸಿಕ್ಕಿದ್ದಾರೆ. ಅಲ್ಲೊಂದು ಇಲ್ಲೊಂದು ತಿಂಗಳು ಹೊಂದದಿದ್ದರೆ ಕೆಲಸವಿರಲಿಲ್ಲ ಅಂತ ಹಾಕಿದರೆ ಆಯಿತು ಅಂದರು. ನೀನು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ, ತೆರಿಗೆಯದ್ದಷ್ಟು ನೋಡು.

ಅವ್ವ


ತಿ. ನರಸೀಪುರ
11 ಮಾರ್ಚ್ 2023

ಅವ್ವ,

ಅಲ್ಲೊಂದು ಇಲ್ಲೊಂದು ತಿಂಗಳಲ್ಲ. ಡಾಕ್ಟರ ಮನೆಯ ಬಿಡುಗಡೆ ಪತ್ರದ ತಾರೀಖು 17 ಅಕ್ಟೋಬರ್ 2020. ವೃದ್ಧಾಶ್ರಮದ ನೇಮಕದ ಪತ್ರದ್ದು 1 ಜೂನ್ 2021. ನಡುವೆ ಏಳೂವರೆ ತಿಂಗಳು. ಎಂಟು ಅನ್ನು. ಆ ಎಂಟು ತಿಂಗಳಿಗೆ ಸಂಬಳದ ಚೀಟಿ ಇಲ್ಲ, ತೆರಿಗೆ ಇಲ್ಲ, ಏನೂ ಇಲ್ಲ.

ಆದರೆ ನನ್ನ ಪಾಸ್‌ಬುಕ್ ನೋಡಿದೆ. ಆ ಎಂಟು ತಿಂಗಳೂ ನಿನ್ನಿಂದ ಹಣ ಬಂದಿದೆ. ಜನವರಿಯಲ್ಲಿ ನನ್ನ ಕೋಚಿಂಗ್ ಫೀಸಿಗೆ ಅಂತ ಮೂರರಷ್ಟು ಬಂದಿದೆ. ಎಲ್ಲಿಂದ ಬಂತು?

ಆಗ ಪ್ರತಿ ವಾರ ಫೋನಿನಲ್ಲಿ ವೃದ್ಧಾಶ್ರಮದ ಡ್ಯೂಟಿ ಮುಗಿಸಿ ಬಂದೆ ಅನ್ನುತ್ತಿದ್ದೆ. ಅಲ್ಲಿನ ಅಜ್ಜಿಯರ ಕಥೆಯನ್ನೂ ಹೇಳುತ್ತಿದ್ದೆ. ಆ ಅಜ್ಜಿಯರೆಲ್ಲ ಯಾರು? ಯಾರಾದರೂ ನಿನಗೆ ಹಣ ಕೊಡುತ್ತಿದ್ದರಾ? ನಿನ್ನ ಜೊತೆ ಯಾರಾದರೂ ಇದ್ದಾರಾ? ಇದ್ದರೆ ಇರಲಿ, ನಾನು ಚಿಕ್ಕ ಹುಡುಗಿಯಲ್ಲ. ಆದರೆ ನನ್ನ ಕೈಯಲ್ಲಿ ಲೆಕ್ಕ ನೋಡಿಸಿ ನನಗೇ ಸುಳ್ಳು ಹೇಳಬೇಡ.

ಕವನ


ತಿ. ನರಸೀಪುರ
28 ಮಾರ್ಚ್ 2023

ಅವ್ವ,

ಹದಿನೇಳು ದಿನವಾಯಿತು. ಯುಗಾದಿಗೆ ಅಜ್ಜಿಯ ಜೊತೆ ಅರ್ಧ ಗಂಟೆ ಮಾತಾಡಿದೆಯಂತೆ. ನನಗೆ ಫೋನು ಕೊಡಲು ಹೋದರೆ ಡ್ಯೂಟಿಗೆ ಹೊತ್ತಾಯಿತು ಅಂದೆಯಂತೆ.

ನಾನು ಬರೆದದ್ದು ಒರಟಾಯಿತು. ಯಾರಾದರೂ ಇದ್ದಾರಾ ಅಂತ ಕೇಳಿದ್ದನ್ನು ಹೊಡೆದುಹಾಕು. ಕಾಯಿಲೆ ಬಿದ್ದಿದ್ದೆಯಾ? ಕೋವಿಡ್ ಕಾಲ ಅದು. ಅಷ್ಟಾದರೂ ಹೇಳು.

ಕವನ


ಲಂಡನ್
9 ಏಪ್ರಿಲ್ 2023

ಕವನ,

ಕಾಯಿಲೆ ಬಿದ್ದಿರಲಿಲ್ಲ. ನನ್ನ ಜೊತೆ ಯಾರೂ ಇಲ್ಲ. ನಾನು ಹಿಟ್ಟು ತಿರುವಿ ಮುದ್ದೆ ಕಟ್ಟುತ್ತಿದ್ದೆ.

ಮುದುಕಿ ತೀರಿಕೊಂಡ ಮೇಲೆ ಡಾಕ್ಟರ ಮನೆಯಲ್ಲಿ ನನಗೆ ಕೆಲಸ ಉಳಿಯಲಿಲ್ಲ. ಲೂಸ್ ಬಾಡಿಗೆಗಿದ್ದ ಮನೆಯ ನೆಲಮಾಳಿಗೆಯಲ್ಲಿ ಒಂದು ಕೋಣೆ, ಒಂದು ಒಲೆ. ಎಲ್ಲಿಗೆ ಅರ್ಜಿ ಹಾಕಿದರೂ ಕೋವಿಡ್ ಮುಗಿಯಲಿ ಅನ್ನುತ್ತಿದ್ದರು. ಒಂದು ದಿನ ಇಂಡಿಯಾ ಅಂಗಡಿಯಲ್ಲಿ ರಾಗಿಹಿಟ್ಟಿನ ಚೀಲ ಎತ್ತಿಕೊಳ್ಳುತ್ತಿದ್ದೆ. ಹಿಂದಿನಿಂದ ಒಬ್ಬ ಹುಡುಗ ಫೋನಿನಲ್ಲಿ, "ಇಟ್ಟು ಉಂಡು ಮೂರ್ ತಿಂಗ್ಳಾಯ್ತು ಕಣ್ಲಾ" ಅಂದ. ತಿರುಗಿ ನೋಡಿದೆ. ಅಮೃತೇಶ್ ಅಂತ, ಸುತ್ತೂರಿನವನು, ಮಠದ ಸ್ಕೂಲಿನಲ್ಲಿ ಓದಿ ಇಲ್ಲಿಯ ಯೂನಿವರ್ಸಿಟಿಗೆ ಬಂದವನು. ಹೋಟೆಲುಗಳೆಲ್ಲ ಮುಚ್ಚಿದ್ದವು. ಮೂವರು ಹುಡುಗರು ಸೇರಿ ಬ್ರೆಡ್ಡು ತಿಂದು ಬದುಕಿದ್ದರು. ಮಾಡಿಕೊಡುತ್ತೀರಾ ಅಮ್ಮ, ದುಡ್ಡು ಕೊಡುತ್ತೇವೆ ಅಂತ ಕೇಳಿದ.

ನಾನು ಬಚ್ಚಿಟ್ಟು ಉಣ್ಣಿಸುವವಳಲ್ಲ. ನಾನು ನರ್ಸಮ್ಮನಾಗಿ ಓಡಾಡುತ್ತಿದ್ದಾಗ, ನಾನೇ ಹೆರಿಗೆ ಮಾಡಿಸಿದ ಒಂದು ಮನೆಯಲ್ಲಿ ನನಗೆ ನೀರು ಬೇರೆ ಲೋಟದಲ್ಲಿ ಬರುತ್ತಿತ್ತು. ಅದಕ್ಕೇ ಮೊದಲ ದಿನ ಹುಡುಗರು ಡಬ್ಬಿ ತೆಗೆದುಕೊಳ್ಳಲು ಹಿಂಬಾಗಿಲಿಗೆ ಬಂದಾಗಲೇ ಹೇಳಿದೆ, ನಮ್ಮದು ಸೋಸಲೆಯ ಅಂಬೇಡ್ಕರ್ ಬೀದಿ ಕಣಪ್ಪ, ಯೋಚನೆ ಮಾಡಿ ಅಂತ. ಉಳಿದಿಬ್ಬರು ಅಮೃತೇಶನ ಮುಖ ನೋಡಿದರು. ಅವನು ಡಬ್ಬಿಯ ಮುಚ್ಚಳ ತೆಗೆದು ನೋಡಿದ. ಆಮೇಲೆ ಡಬ್ಬಿ ಮುಂದೆ ಹಿಡಿದು, "ಅಮ್ಮ, ಸಾರು ಇನ್ನೊಂದ್ ಸೌಟು ಬುಡಿ" ಅಂದ.

ಮೂರು ಡಬ್ಬಿ ಹನ್ನೊಂದಾಯಿತು. ಸಂಕ್ರಾಂತಿ ಹೊತ್ತಿಗೆ ಇಪ್ಪತ್ತಾರು. ಸೋಮವಾರ ಬಸ್ಸಾರು, ಮಂಗಳವಾರ ಉಪ್ಪೆಸರು, ಬುಧವಾರ ಕೋಳಿ. ಹೊರಗೆ ಮೊಣಕಾಲುದ್ದ ಹಿಮ, ಒಳಗೆ ಒಗ್ಗರಣೆ ಹೊಗೆಗೆ ಸೂರಿನ ಬೆಂಕಿ ಅಲಾರಂ ಹೊಡೆದುಕೊಳ್ಳುತ್ತಿತ್ತು. ಮಂಡ್ಯದ ಹುಡುಗ ಒಬ್ಬ ತಿಂದು ಗೋಡೆ ಕಡೆ ತಿರುಗಿ ಅತ್ತ. ನಿಜ ಹೇಳಲಾ, ಆ ಎಂಟು ತಿಂಗಳು ನಾನು ಖುಷಿಯಾಗಿದ್ದೆ. ನನ್ನ ಹೆಸರಿನಲ್ಲಿ ನಾನೇ ಮಾಡಿದ ಕೆಲಸ ಅದೊಂದೇ.

ಮತ್ತೆ ಯಾಕೆ ಮುಚ್ಚಿಟ್ಟೆ ಅನ್ನುತ್ತೀಯ. ಅಜ್ಜಿ ಬೀದಿಗೆಲ್ಲ ಸೊಸೆ ಫಾರಿನ್ ನರ್ಸು ಅಂತ ಹೇಳಿಕೊಂಡು ತಿರುಗುತ್ತಿದ್ದಳು. ಹಿಟ್ಟು ಮಾರುತ್ತಿದ್ದಾಳೆ ಅಂತ ಹೇಗೆ ಹೇಳಲಿ? ಅದಕ್ಕೆ ತೆರಿಗೆ ಕಟ್ಟಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಅಡಿಗೆ ಮಾರಲು ಪರವಾನಗಿ ಬೇಕು ಅನ್ನುವುದೂ ಗೊತ್ತಿರಲಿಲ್ಲ. ಈಗ ಏಜೆಂಟ್ ಅನ್ನುತ್ತಾನೆ, ಬಾಯಿ ಬಿಟ್ಟರೆ ಅರ್ಜಿಯೇ ಬಿದ್ದುಹೋಗುತ್ತದೆ, ಕೆಲಸವಿರಲಿಲ್ಲ ಅಂತ ಹಾಕಿ ಸಹಿ ಮಾಡಿ ಅಂತ. ಸಹಿ ಮಾಡುವ ಜಾಗದ ಮೇಲೆ, ಇದೆಲ್ಲ ಸತ್ಯ ಅಂತ ಬರೆದಿದೆ. ಪೆನ್ನು ಹಿಡಿದು ಕೂತು ಎದ್ದು ಬಂದೆ.

ಏನು ಮಾಡಲಿ?

ಅವ್ವ


ತಿ. ನರಸೀಪುರ
13 ಏಪ್ರಿಲ್ 2023

ಅವ್ವ,

ಬುಧವಾರ ಕೋಳಿ ಅಂತ ಓದಿ ಜೋರಾಗಿ ನಕ್ಕೆ, ಆಮೇಲೆ ನಿನ್ನ ಮಂಡ್ಯದ ಹುಡುಗನ ಹಾಗೆ ಗೋಡೆ ಕಡೆ ತಿರುಗಿದೆ. ನೀನು ಮಾಡಿದ್ದನ್ನು ನಮ್ಮ ಕಡೆ ಸ್ವಂತ ಉದ್ಯೋಗ ಅನ್ನುತ್ತಾರೆ. ಕೆಲಸವಿರಲಿಲ್ಲ ಅಂತ ಬರೆದರೆ ಅದೇ ಸುಳ್ಳಾಗುತ್ತದೆ.

ನಿನ್ನೆ ನಂಜನಗೂಡಿಗೆ ಹೋಗಿ ಚಲುವಯ್ಯನವರನ್ನು ಕೇಳಿದೆ. ಹೋದ ವರ್ಷ ನೀನು ಬಂದಾಗ ನೋಡಿದ್ದೆಯಲ್ಲ, ಟ್ಯಾಕ್ಸ್ ಆಫೀಸಿನವರು. ಯಾರೋ ಗಿರಾಕಿಯದ್ದು ಅಂತ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, "ಕೆಲ್ಸ ಮಾಡುದ್ದು ತಪ್ಪಲ್ಲ ಕಣವ್ವ, ಬರೀದೆ ಬುಟ್ಟುದ್ದು ತಪ್ಪು. ಅವ್ರು ಕೇಳೋಕ್ ಮುಂಚೆ ನೀವೇ ತಿದ್ದಿ ಕಟ್ಬುಡಿ. ನಿಮ್ಮವ್ವನ್ಗೆ ಏಳು, ಎದರ್ಕಬ್ಯಾಡ ಅಂತ" ಅಂದರು. ಗಿರಾಕಿ ಅಂದದ್ದನ್ನು ಅವರು ನಂಬಿರಲಿಲ್ಲ.

ಅಲ್ಲಿಯ ತೆರಿಗೆ ಇಲಾಖೆಯ ವೆಬ್‌ಸೈಟನ್ನು ಕೂತು ಓದಿದೆ. ಹಿಂದಿನ ವರ್ಷದ ರಿಟರ್ನ್ ತಿದ್ದಿ ಕಳಿಸಬಹುದು. ನಿನ್ನದು 2020 ಮತ್ತು 2021, ಎರಡನ್ನೂ ತಿದ್ದಬೇಕು. ಹುಡುಗರು ಡಬ್ಬಿ ಹೇಳುತ್ತಿದ್ದ ಮೆಸೇಜುಗಳು ಫೋನಿನಲ್ಲಿ ಇನ್ನೂ ಇದ್ದರೆ ಒಂದನ್ನೂ ಅಳಿಸಬೇಡ, ಎಲ್ಲ ನನಗೆ ಕಳಿಸು. ದಿನಕ್ಕೆ ಎಷ್ಟು ಡಬ್ಬಿ ಅಂತ ಅದರಿಂದಲೇ ತೆಗೆಯುತ್ತೇನೆ. ಹುಡುಗರಿಂದ ಒಂದೊಂದು ಪತ್ರವನ್ನೂ ಬರೆಸಿಕೋ.

ಇನ್ನು ನನ್ನದು. ನೀನು ಹೇಳಿಯಾದ ಮೇಲೆ ನಾನು ಮುಚ್ಚಿಟ್ಟು ಕೂರುವುದು ಆಗುವುದಿಲ್ಲ. ನನ್ನ ಐದು ವರ್ಷವೂ ಖಾಲಿ ಬಿಡದೆ ಬರೆಯುತ್ತೇನೆ, ಓದು.

2020ರವರೆಗೆ ಬಿ.ಕಾಂ. ಆಮೇಲೆ ಮೈಸೂರಿನಲ್ಲಿ ಸಿ.ಎ. ಕೋಚಿಂಗ್. ಎರಡು ಸಲ ಪರೀಕ್ಷೆ ಬರೆದೆ, ಎರಡು ಸಲವೂ ಫೇಲು. ನಿನಗೆ ಹೇಳಲಿಲ್ಲ. ಹೋದ ವರ್ಷ ಪೂರ್ತಿ ಚಲುವಯ್ಯನವರ ಹತ್ತಿರ ಸಂಬಳಕ್ಕೆ ಇದ್ದೆ. ನೀನು ಬಂದಾಗ ಅದನ್ನು ಸಿ.ಎ. ಟ್ರೈನಿಂಗ್ ಅಂದುಕೊಂಡೆ, ನಾನು ಹಾಗೇ ಬಿಟ್ಟೆ. ಈ ಜನವರಿಯಿಂದ ತಾಲ್ಲೂಕು ಆಫೀಸಿನ ಹಿಂದಿನ ರಸ್ತೆಯಲ್ಲಿ ನನ್ನದೇ ಅಂಗಡಿ. ರಿಟರ್ನ್, ಪಾನ್ ಕಾರ್ಡು, ಜಿ.ಎಸ್.ಟಿ. ಕಂಪ್ಯೂಟರು, ಪ್ರಿಂಟರು, ಅಂಗಡಿಯ ಮುಂಗಡ, ಎಲ್ಲ ನೀನು ಎರಡನೆಯ ಕೋಚಿಂಗ್‌ಗೆ ಅಂತ ಕಳಿಸಿದ್ದರಲ್ಲೇ. ಸೋಸಲೆಗೆಲ್ಲ ಗೊತ್ತು. ಅಜ್ಜಿಗೂ ಗೊತ್ತು. ನಾನೇ ಆಣೆ ಹಾಕಿಸಿ ಬಾಯಿ ಕಟ್ಟಿದ್ದೆ.

ನಾನು ಸಿ.ಎ. ಆಗುವುದಿಲ್ಲ ಅವ್ವ.

ಕವನ


ಲಂಡನ್
17 ಏಪ್ರಿಲ್ 2023

ಕವನ,

ಕಾಗದ ಸೇರಿತು. ಮೆಸೇಜುಗಳನ್ನು ಕಳಿಸಿದ್ದೇನೆ. ಬೇರೆಯದನ್ನು ಈಗ ಬರೆಯುವುದಿಲ್ಲ.

ಮರಿತಾಯಮ್ಮ


ಲಂಡನ್
6 ಮೇ 2023

ಕೂಸು,

ಹೋದ ಕಾಗದದಲ್ಲಿ ಅವ್ವ ಅಂತ ಸಹಿ ಹಾಕದೆ ಹೆಸರು ಹಾಕಿದ್ದೆ. ಬೇಕಂತಲೇ ಹಾಕಿದ್ದು. ಅಷ್ಟು ಸಿಟ್ಟು ಬಂದಿತ್ತು. ಇಪ್ಪತ್ತಾರು ಡಬ್ಬಿ ತುಂಬಿ ಬೆರಳಿಗೆ ಬೊಬ್ಬೆ ಬಂದಾಗಲೆಲ್ಲ, ನನ್ನ ಮಗಳ ಹೆಸರಿನ ಮುಂದೆ ಸಿ.ಎ. ಅಂತ ಬೋರ್ಡು ಬರುತ್ತದೆ ಅಂತ ಅಂದುಕೊಂಡೇ ಮಾಡಿದ್ದೆ. ಫೇಲಾದದ್ದಕ್ಕಲ್ಲ ಸಿಟ್ಟು. ಐದು ವಾರ ನನ್ನ ಪಕ್ಕದಲ್ಲೇ ಮಲಗಿ ಹೇಳಲಿಲ್ಲವಲ್ಲ.

ಸಿಟ್ಟಿನಲ್ಲೇ ಅಜ್ಜಿಗೆ ಫೋನು ಮಾಡಿ, ನೀವೂ ಮುಚ್ಚಿಟ್ಟಿರಾ ಅತ್ತೆ ಅಂತ ಕೇಳಿದೆ. ಸ್ಪೀಕರ್ ತೆಗೆಸಿ ಮಾತಾಡಿದರು. "ಮರಿತಾಯಿ, ಅವಳ ಅಂಗ್ಡಿ ಮುಂದೆ ಜನ ಸಾಲ್ ನಿಂತವ್ರೆ. ಎಲ್ರೂ ಅವಳ್ನ ಮೇಡಂ ಅಂತಾರೆ. ನಾನು ಓಗಿ ಒಂದ್ ಗಳ್ಗೆ ಕುಂತ್ಕಂಡು ನೋಡ್ಬುಟ್ಟು ಬತ್ತೀನಿ" ಅಂದರು. ಆಮೇಲೆ ನಿನ್ನ ಚಿಕ್ಕಪ್ಪ ಅಂಗಡಿಯ ಫೋಟೋ ಕಳಿಸಿದ. ಕವನ ತೆರಿಗೆ ಸೇವಾ ಕೇಂದ್ರ. ಮೇಲೆ ಬಾಬಾಸಾಹೇಬರ ಫೋಟೋ, ಕೆಳಗೆ ನೀನು, ಯಾರಿಗೋ ಬೆರಳು ತೋರಿಸಿ ಗದರಿಸುತ್ತಿದ್ದೀಯ. ಆ ಫೋಟೋವನ್ನು ವೃದ್ಧಾಶ್ರಮದಲ್ಲಿ ಎಲ್ಲರಿಗೂ ತೋರಿಸಿದೆ. ಮೇಷ್ಟರಜ್ಜ ಈ ಹುಡುಗಿ ಕಟ್ಟುನಿಟ್ಟು ಅಂದರು.

ಈಗ ನನ್ನ ಸುದ್ದಿ. ಏಜೆಂಟನ್ನು ಬಿಟ್ಟೆ. ನೀನು ಬರೆದುಕೊಟ್ಟ ಡಬ್ಬಿಯ ಪಟ್ಟಿಯನ್ನು ಹಿಡಿದು ಇಲ್ಲಿಯ ಟ್ಯಾಕ್ಸ್‌ನವಳೊಬ್ಬಳ ಹತ್ತಿರ ಹೋದೆ. ಅವಳು ಪಟ್ಟಿ ನೋಡಿ ಇದನ್ನು ಮಾಡಿದ್ದು ಯಾರು ಅಂದಳು. ನನ್ನ ಮಗಳು, ಅವಳದ್ದು ಸ್ವಂತ ಆಫೀಸು ಅಂದೆ. ಎರಡು ವರ್ಷದ್ದೂ ತಿದ್ದಿ ಕಳಿಸಿದಳು. ಬಡ್ಡಿ ಸೇರಿ ಸಾವಿರದ ಒಂಬೈನೂರು ಡಾಲರ್ ಚಿಲ್ಲರೆ ಬರಬಹುದಂತೆ. ನೋವಾಯಿತು, ಆದರೆ ಕಟ್ಟುತ್ತೇನೆ. ಹುಡುಗರಲ್ಲಿ ಒಂಬತ್ತು ಜನ ಪತ್ರ ಕೊಟ್ಟರು. ಅಮೃತೇಶ ಈಗ ಬೇರೆ ಊರಿನಲ್ಲಿ ಕೆಲಸಕ್ಕಿದ್ದಾನೆ, ಎರಡು ಪುಟ ಬರೆದಿದ್ದಾನೆ.

ನಿನ್ನೆ ಅರ್ಜಿ ಹಾಕಿದೆ. ಆ ಎಂಟು ತಿಂಗಳ ಮುಂದೆ, ಸ್ವಂತ ಉದ್ಯೋಗ, ಅಡಿಗೆ ಅಂತ ಬರೆದೆ. ಈ ಸಲ ಪೆನ್ನು ಹಿಡಿದು ಕೂತವಳು ಸಹಿ ಮಾಡಿಯೇ ಎದ್ದೆ.

ಅವ್ವ


ತಿ. ನರಸೀಪುರ
2 ಆಗಸ್ಟ್ 2023

ಅವ್ವ,

ಜುಲೈ ಮೂವತ್ತೊಂದು ಕಳೆಯಿತು. ಇನ್ನೂರ ಅರವತ್ತೊಂದು ರಿಟರ್ನ್ ಕಳಿಸಿದೆ. ಕೊನೆಯ ದಿನ ವೆಬ್‌ಸೈಟು ಸುತ್ತುತ್ತಾ ನಿಂತಾಗ, ಹೊರಗೆ ನಿಂತವರಿಗೆಲ್ಲ ಅಜ್ಜಿಯೇ ಮಜ್ಜಿಗೆ ಹಂಚಿದಳು.

ನಂಜನಗೂಡಿನ ಫ್ಯಾಕ್ಟರಿಯಲ್ಲಿ ದುಡಿಯುವ ಜವರಮ್ಮ ಅಂತ ಒಬ್ಬರು ಬಂದಿದ್ದರು. ಮೂರು ವರ್ಷದಿಂದ ಅವರಿಗೆ ಹಿಡಿದ ತೆರಿಗೆ ಹಾಗೇ ಬಿದ್ದಿತ್ತು, ಯಾರೂ ಹೇಳಿರಲಿಲ್ಲ. ಒಂದು ವರ್ಷದ್ದು ವಾಪಸ್ ಬಂದ ದಿನ ನನ್ನ ಮೇಜಿನ ಮೇಲೆ ಒಂದು ಗೊನೆ ರಸಬಾಳೆ ಇಟ್ಟು ಹೋದರು. ಸಿ.ಎ. ಆಗಿದ್ದರೆ ನನ್ನ ಬಾಗಿಲಿಗೆ ಜವರಮ್ಮ ಬರುತ್ತಿರಲಿಲ್ಲ ಅನ್ನಿಸಿತು. ಇದು ಸಮಾಧಾನಕ್ಕೆ ಹೇಳಿಕೊಳ್ಳುವ ಮಾತೂ ಇರಬಹುದು.

ಫೆಬ್ರವರಿಯಲ್ಲಿ ಕೇಳಬೇಕೆಂದು ಬಿಟ್ಟದ್ದನ್ನು ಈಗ ಕೇಳುತ್ತೇನೆ. ಅಲ್ಲಿಯವಳಾದರೆ ಇಲ್ಲಿಯ ಪಾಸ್‌ಪೋರ್ಟು ಹಿಂದಿರುಗಿಸಬೇಕು. ಎರಡೂ ಇಟ್ಟುಕೊಳ್ಳುವ ಹಾಗಿಲ್ಲ. ನೀನು ಇಷ್ಟು ಸಡಗರದಿಂದ ಓದುತ್ತಿದ್ದೀಯ, ನಾನೂ ಕುಣಿಯುತ್ತಾ ಫಾರಂ ತುಂಬಿಸಿದೆ. ಆದರೆ ಅದರ ಅರ್ಥ ನೀನಿನ್ನು ಬರುವುದಿಲ್ಲ ಅಂತಲ್ಲವಾ? ಹಾಗಿದ್ದರೆ ನೇರವಾಗಿ ಹೇಳು. ನಾನು ಅಡ್ಡ ಬರುವುದಿಲ್ಲ.

ಕವನ


ಲಂಡನ್
4 ಆಗಸ್ಟ್ 2023

ಅಯ್ಯೋ ಹುಚ್ಚಿ,

ಡ್ಯೂಟಿಯ ನಡುವೆ ಔಷಧಿ ಕೋಣೆಯಲ್ಲಿ ನಿಂತು ಬರೆಯುತ್ತಿದ್ದೇನೆ. ಆರು ತಿಂಗಳು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಫಾರಂ ತುಂಬಿದೆಯಾ?

ಈಗ ನನ್ನ ಹತ್ತಿರ ಇರುವುದು ಇಲ್ಲಿ ನೆಲೆಸುವ ಅನುಮತಿ ಮಾತ್ರ. ಐದು ವರ್ಷದಲ್ಲಿ ಎರಡು ವರ್ಷ ಇಲ್ಲೇ ಇರಬೇಕು, ಇಲ್ಲದಿದ್ದರೆ ಕೈತಪ್ಪುತ್ತದೆ. ಅದಕ್ಕೇ ಪ್ರತಿ ಸಲ ಕ್ಯಾಲೆಂಡರ್ ಹಿಡಿದು ಬರುತ್ತಿದ್ದೆ. ಹೋದ ವರ್ಷ ಐದು ವಾರವಿದ್ದಾಗ ದಿನಾ ಬೆಳಗ್ಗೆ ಎದ್ದು ಎಷ್ಟು ಉಳಿಯಿತು ಅಂತ ಎಣಿಸುತ್ತಿದ್ದೆ. ಇಲ್ಲಿಯ ಪ್ರಜೆಯಾದರೆ ಆ ಎಣಿಕೆಯಿಲ್ಲ, ಎಷ್ಟು ದಿನ ಹೊರಗಿದ್ದರೂ ಕೇಳುವವರಿಲ್ಲ. ನಮ್ಮ ಕಡೆಯ ಸರ್ಕಾರದಿಂದ ಸಾಗರೋತ್ತರ ಭಾರತೀಯರ ಕಾರ್ಡು ತೆಗೆದುಕೊಂಡರೆ ಸೋಸಲೆಯಲ್ಲಿ ಬೇಕಾದಷ್ಟು ಕಾಲ ಇರಬಹುದು. ಅಲ್ಲಿ ಓಟು ಹಾಕುವ ಹಾಗಿಲ್ಲ. ಅದಕ್ಕೆ ನನಗೂ ಸಂಕಟವಿದೆ. ಬಾಬಾಸಾಹೇಬರು ಕೊಡಿಸಿದ ಓಟು ಅದು, ಊರಿನಲ್ಲಿದ್ದಷ್ಟು ಕಾಲ ನಾನು ಒಂದು ಎಲೆಕ್ಷನ್ನೂ ತಪ್ಪಿಸಿದವಳಲ್ಲ. ಮೂರು ರಾತ್ರಿ ಯೋಚಿಸಿದೆ.

ಆದರೆ ನಾನು ನಿನ್ನ ಜೊತೆ ಇರಬೇಕು. ಅದಕ್ಕೇ ಈ ಅರ್ಜಿ. ನಿನಗೆ ಗೊತ್ತಿದೆ ಅಂತಲೇ ತಿಳಿದಿದ್ದೆ.

ಗಂಟೆ ಹೊಡೆಯಿತು, ಹೋಗುತ್ತೇನೆ.

ಅವ್ವ


ಲಂಡನ್
23 ನವೆಂಬರ್ 2023

ಕೂಸು,

ಇಪ್ಪತ್ತಕ್ಕೆ ಹತ್ತೊಂಬತ್ತು. ತಪ್ಪಿದ್ದು ಒಂದು ರಾಜಧಾನಿ. ಮೇಷ್ಟರಜ್ಜನಿಗೆ ಇನ್ನೂ ಹೇಳಿಲ್ಲ.

ಇವತ್ತು ಅಧಿಕಾರಿಯ ಮುಂದೆ ಸಂದರ್ಶನ. ಹೆಂಗಸು, ನನಗಿಂತ ಚಿಕ್ಕವಳು. ಎಲ್ಲ ನೋಡುತ್ತಾ ಬಂದು ಆ ಎಂಟು ತಿಂಗಳ ಮೇಲೆ ಬೆರಳಿಟ್ಟಳು. ಸಂಬಳದ ಚೀಟಿ ಯಾಕಿಲ್ಲ ಅಂದಳು. ನಾನು ತಿದ್ದಿದ ರಿಟರ್ನು, ಇಲಾಖೆಯ ಹೊಸ ನೋಟಿಸು, ಕಟ್ಟಿದ ರಶೀದಿ, ಒಂಬತ್ತು ಪತ್ರ, ಒಂದೊಂದಾಗಿ ಮುಂದಿಟ್ಟೆ. ಇದನ್ನು ತಿದ್ದಿ ಅಂತ ಯಾರಾದರೂ ನಿಮ್ಮನ್ನು ಕೇಳಿದ್ದರಾ ಅಂದಳು. ಇಲ್ಲ, ತಿಳಿದ ಮೇಲೆ ನಾನೇ ತಿದ್ದಿದೆ ಅಂದೆ. ಅವಳು ಅಮೃತೇಶನ ಎರಡು ಪುಟವನ್ನೂ ಕೂತು ಓದಿದಳು. ಅಷ್ಟು ಹೊತ್ತೂ ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಕೊನೆಗೆ ಥ್ಯಾಂಕ್ಯೂ, ತಿಳಿಸುತ್ತೇವೆ ಅಂದಳು. ಮುಖದಲ್ಲಿ ನಗುವೂ ಇಲ್ಲ, ಸಿಡುಕೂ ಇಲ್ಲ.

ಹೊರಗೆ ಬಂದು ಬಸ್‌ಸ್ಟಾಪಿನಲ್ಲಿ ಕೂತಾಗ ಒಂದು ಯೋಚನೆ ಬಂತು. ಸಿಗದಿದ್ದರೂ ಪರವಾಗಿಲ್ಲ, ನಾನು ಯಾರು ಅಂತ ಒಂದು ಕಡೆ ಪೂರ್ತಿ ಬರೆದಿಟ್ಟಾಯಿತು ಅಂತ. ಐದು ನಿಮಿಷ ಕಳೆದ ಮೇಲೆ, ಇಲ್ಲ, ಸಿಗಲೇಬೇಕು ಅನ್ನಿಸಿತು.

ಅವ್ವ


ಲಂಡನ್
9 ಮಾರ್ಚ್ 2024

ಕವನ,

ಆಯಿತು.

ನಿನ್ನೆ ದೊಡ್ಡ ಹಾಲ್, ಅರವತ್ತು ಜನ, ಇಪ್ಪತ್ತೆರಡು ದೇಶದವರಂತೆ. ಬಿಳಿ ಸೀರೆ ಉಟ್ಟಿದ್ದೆ. ಬಲಗೈ ಎತ್ತಿ ಹೇಳಿಕೊಟ್ಟ ಹಾಗೆ ಹೇಳಿದೆವು, ಇಂಗ್ಲಿಷ್ ಆದಮೇಲೆ ಫ್ರೆಂಚ್. ಫ್ರೆಂಚ್ ಬಂದಾಗ ನಾನು ತುಟಿ ಮಾತ್ರ ಆಡಿಸಿದೆ, ಪಕ್ಕದ ಸೋಮಾಲಿಯಾದ ಮುದುಕನೂ ಹಾಗೇ ಮಾಡುತ್ತಿದ್ದ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಹಿಂದಿನ ಸಾಲಿನಲ್ಲಿ ಲೂಸ್ ಇದ್ದಳು, ಅಮೃತೇಶ ರಾತ್ರಿ ಬಸ್ಸು ಹಿಡಿದು ಬಂದಿದ್ದ. ಹೆಸರು ಕೂಗಿದಾಗ ಅವನು ಹಾಕಿದ ಶಿಳ್ಳೆಗೆ ಪ್ರಮಾಣ ಹೇಳಿಕೊಟ್ಟ ನ್ಯಾಯಾಧೀಶರೇ ತಲೆಯೆತ್ತಿ ನೋಡಿದರು.

ಮನೆಗೆ ಬಂದು ಹಳೆಯ ಪಾಸ್‌ಪೋರ್ಟು ತೆಗೆದು ನೋಡಿದೆ. ಅದನ್ನು ಕಳಿಸಿದರೆ ರದ್ದು ಅಂತ ಮೊಹರು ಹಾಕಿ ವಾಪಸ್ ಕೊಡುತ್ತಾರಂತೆ. ಅದರಲ್ಲಿನ ಫೋಟೋ ನಿಮ್ಮಪ್ಪ ತೀರಿಕೊಂಡ ವರ್ಷದ್ದು, ಎಷ್ಟು ಬಡಕಲಾಗಿದ್ದೆ. ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಅಮೃತೇಶ ಹಸಿದಿದ್ದಾನೆ ಅಂತ ಎದ್ದು ಎಸರಿಟ್ಟೆ.

ಇನ್ನು ಅಜ್ಜಿಗೆ ನೀನೇ ಹೇಳು. ನನಗೆ ಧೈರ್ಯವಿಲ್ಲ.

ಅವ್ವ


ಲಂಡನ್
11 ಜೂನ್ 2024

ಕೂಸು,

ಸಾಗರೋತ್ತರ ಭಾರತೀಯರ ಕಾರ್ಡು ಬಂತು. ಜುಲೈ ಆರಕ್ಕೆ ಟಿಕೆಟ್. ಟ್ರಾವೆಲ್ಸ್ ಹುಡುಗಿ ವಾಪಸ್ ಯಾವ ತಾರೀಖಿಗೆ ಅಂತ ಕೇಳಿದಳು. ಗೊತ್ತಿಲ್ಲಮ್ಮ, ಹೋಗುವುದಕ್ಕೆ ಮಾತ್ರ ಕೊಡು ಅಂದೆ. ಏಳು ವರ್ಷದಲ್ಲಿ ಹೀಗೆ ಹೇಳಿದ್ದು ಇದೇ ಮೊದಲು.

ವೃದ್ಧಾಶ್ರಮದವರು ರಜೆ ಕೊಟ್ಟಿದ್ದಾರೆ, ಬಂದಾಗ ಕೆಲಸ ಇರುತ್ತದೆ ಅಂದಿದ್ದಾರೆ. ಅಜ್ಜಿಗೆ ಹೇಳಿದೆಯಾ ಇಲ್ಲವಾ? ಮೂರು ತಿಂಗಳಾಯಿತು.

ಅವ್ವ


ತಿ. ನರಸೀಪುರ
16 ಜೂನ್ 2024

ಅವ್ವ,

ಹೇಳಿರಲಿಲ್ಲ. ಇವತ್ತು ಹೇಳಿದೆ. ಸೋಸಲೆಗೆ ಹೋಗಿ, ಜಗಲಿಯ ಮೇಲೆ ಅವರೆಕಾಳು ಆರಿಸುತ್ತಿದ್ದವಳ ಪಕ್ಕ ಕೂತು ಮೊದಲಿನಿಂದ ಹೇಳಿದೆ. ಅವ್ವ ಈಗ ಕಾನೂನು ಪ್ರಕಾರ ಆ ದೇಶದವಳು, ಇಲ್ಲಿಯ ಪಾಸ್‌ಪೋರ್ಟು ಕೊಟ್ಟುಬಿಟ್ಟಳು, ಓಟು ಇಲ್ಲ ಅಂತ. ಹಿಟ್ಟಿನ ಡಬ್ಬಿಯದ್ದನ್ನೂ ಹೇಳಿಬಿಟ್ಟೆ, ಬೈಯಬೇಡ. ಅದಕ್ಕೆ ಅಜ್ಜಿ ಕೇಳಿದ್ದು, ಸುತ್ತೂರಿನ ಹುಡುಗ ನಮ್ಮ ಕೈಯ ಹಿಟ್ಟು ಉಂಡನಾ ಅಂತ ಮಾತ್ರ. ಎಂಟು ತಿಂಗಳು ಉಂಡ ಅಂದೆ. ಆರಿಸುತ್ತಿದ್ದ ಕೈ ನಿಂತಿತು.

ಆಮೇಲೆ, "ಈ ಸಲ ಎಷ್ಟ್ ವಾರ ಇದ್ದಾಳು?" ಅಂತ ಕೇಳಿದಳು. ವಾರದ ಲೆಕ್ಕವಿಲ್ಲ ಅಜ್ಜಿ, ಅವಳು ವಾಪಸ್ ಟಿಕೆಟ್ಟೇ ತೆಗೆದುಕೊಂಡಿಲ್ಲ ಅಂದೆ.

ಅಜ್ಜಿ ಮೊರ ಪಕ್ಕಕ್ಕಿಟ್ಟು ಒಳಗೆ ಹೋದಳು. ಸಿಟ್ಟಾದಳು ಅಂದುಕೊಂಡೆ. ಟ್ರಂಕಿನ ಸದ್ದು ಕೇಳಿಸಿತು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ರೇಷನ್ ಕಾರ್ಡು ತಂದು ನನ್ನ ತೊಡೆಯ ಮೇಲೆ ಇಟ್ಟಳು.

"ಅಂಗಾರೆ ಇದ್ರಲ್ಲಿ ಅವಳ ಎಸ್ರು ಸೇರುಸ್ಬುಡು. ನೀನೇ ತಾನೆ ಎಲ್ಲಾರ್ದೂ ಬರ್ಕೊಡೋದು."

ಇಡೀ ತಾಲ್ಲೂಕಿನ ಫಾರಂ ತುಂಬುವವಳು ನಾನು. ಬೇರೆ ದೇಶದ ಪ್ರಜೆಗೆ ಇದು ಆಗದ ಕೆಲಸ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅಜ್ಜಿಯ ಮುಖ ನೋಡಿದೆ. ಆಗಲಿ ಅಜ್ಜಿ ಅಂದೆ, ಕಾರ್ಡನ್ನು ತೆಗೆದು ಬ್ಯಾಗಿನೊಳಗೆ ಇಟ್ಟುಕೊಂಡೆ.

ಕವನ